ರೊಟ್ಟಿ ಬೇಯುವಷ್ಟು ಹೊತ್ತು

ಗೆಲಾ, ಬಾ, ಆ ಗೋಣಿ ಇಲ್ಲೇ ಇಳಿಸು.
ನಾಳೆಯಿಂದ ಒಲೆ ನಿನ್ನದು.
ಹಿಟ್ಟಿನ ಅಳತೆ ಆಮೇಲೆ ಹೇಳಿಕೊಡುತ್ತೇನೆ,
ಮೊದಲು ಮಾಮುಕಾನ ವಿಷಯ.

ತೋನೆ ಅಂದರೆ ನೆಲದಲ್ಲಿ ಬಾಯ್ದೆರೆದ ಮಣ್ಣಿನ ಬಾವಿ,
ತಳದಲ್ಲಿ ನೀರಲ್ಲ, ಕೆಂಡ.
ಸೊಂಟದವರೆಗೂ ಒಳಗೆ ಬಾಗಿ
ಗೋಡೆಗೆ ಬಡಿಯಬೇಕು ದೋಣಿಯಂಥ ಶೋತಿ.
ಹದಿನೇಳರ ವಯಸ್ಸಿನಿಂದ ಬಡಿದವನು ಮಾಮುಕಾ.
ಅವನ ಬಲಗೈಯ ಮೇಲೆ ರೋಮ
ನಾನು ಕಂಡದ್ದೇ ಇಲ್ಲ.

ಅವತ್ತು, ದ್ರಾಕ್ಷಿ ಕೊಯ್ಲಿನ ವಾರ,
ಕೊನೆಯ ಸಾಲು ಬಡಿದು ಮೇಲೆದ್ದ.
ಎದ್ದದ್ದು ಪುಣ್ಯ.
ಗಡಿಯಾರ ನೋಡುತ್ತಿದ್ದ, ನೋಡುತ್ತ ನೋಡುತ್ತ
ಕಣ್ಣು ಅವನದಾಗಿ ಉಳಿಯಲಿಲ್ಲ.
ಒಂದು ಕೂಗು.
ನೋವಿನದಲ್ಲವಂತೆ, ಎದೆಯ ಗಾಳಿ ಒಮ್ಮೆಲೇ ಹೊರಬೀಳುವ ಸದ್ದಂತೆ,
ಡಾಕ್ಟರು ಆಮೇಲೆ ಹೇಳಿದರು.
ಆಗ ನನಗೇನು ಗೊತ್ತು?

ಸಾಲಿನಲ್ಲಿದ್ದವರೆಲ್ಲ ಒಳಗೆ ನುಗ್ಗಿದರು.
ಹಲ್ಲಿನ ನಡುವೆ ತುರುಕಲು ವಾಲಿಕೋ ಚಮಚ ತಂದ.
ಇಬ್ಬರು ಕಾಲ ಮೇಲೆ ಕೂತರು.
ಮೂಲೆಮನೆ ಅಜ್ಜಿ ಶಿಲುಬೆಯ ಗುರುತು ಹಾಕಿ
ಹುಣ್ಣಿಮೆ ಹತ್ತಿರ ಅಂದಳು.
ನಾನು ನೀರೆರಚಿದೆ, ಹೆಸರು ಹಿಡಿದು ಕಿರುಚಿದೆ,
ಮಾಡಬಾರದ್ದನ್ನೆಲ್ಲ ಮಾಡಿದೆ.
ಅವನ ಮುಂದಿನ ಹಲ್ಲು ಅರ್ಧ ಮುರಿದದ್ದು
ರೋಗದಿಂದಲ್ಲ, ಚಮಚದಿಂದ.
ಒಲೆಯೊಳಗೆ ಇಪ್ಪತ್ತೆರಡು ರೊಟ್ಟಿ ಇದ್ದಿಲಾದವು.

ಈಗ ಕೇಳು. ರಿಯೋನಿ ಹೊಳೆಯ ಸೆಳವು ನೋಡಿದ್ದೀಯಲ್ಲ,
ಬಿಳಿ ಸೇತುವೆಯ ಕೆಳಗೆ?
ಇದೂ ಸೆಳವೇ. ಮಿದುಳಿನ ಮಿಂಚು ದಾರಿ ತಪ್ಪಿ
ದಡವೇರುತ್ತದೆ, ಹೆಚ್ಚಾಗಿ ತಾನೇ ಇಳಿಯುತ್ತದೆ.
ಸೆಳವನ್ನು ಯಾರಾದರೂ ಕೈಯಲ್ಲಿ ಹಿಡಿದು ನಿಲ್ಲಿಸುತ್ತಾರಾ?
ಹಿಡಿಯಬೇಡ.
ಕೊಕ್ಕೆ ಸಲಾಕೆ ಒದ್ದು ದೂರ ತಳ್ಳು,
ಒಲೆಗೂ ಅವನಿಗೂ ನಡುವೆ ನೀನು ನಿಲ್ಲು.
ಮಡಿಸಿದ ಹಿಟ್ಟಿನ ಚೀಲ ತಲೆಯ ಕೆಳಗೆ.
ಕುತ್ತಿಗೆಯ ಗಂಟು ಬಿಚ್ಚು.
ಮಗ್ಗುಲಿಗೆ ಹೊರಳಿಸು, ಜೊಲ್ಲು ಹೊರಗೆ ಹರಿಯಲಿ.
ಬಾಯಿಗೆ ಚಮಚ ಬೇಡ, ನೀರು ಬೇಡ, ನಿನ್ನ ಬೆರಳೂ ಬೇಡ.
ನಾಲಿಗೆ ನುಂಗುತ್ತಾರೆನ್ನುವುದು ಕಟ್ಟುಕತೆ.

ಹೊತ್ತು ಅಳೆ.
ಹೆದರಿದವನಿಗೆ ಅರೆಗಳಿಗೆಯೇ ಅರ್ಧ ದಿನ.
ಗಡಿಯಾರ ಕಾಣದಿದ್ದರೆ ಒಲೆ ನೋಡು:
ಆಗಷ್ಟೇ ಬಡಿದ ರೊಟ್ಟಿ ಕೆಂಪಾಗಲು ಐದು ನಿಮಿಷ.
ರೊಟ್ಟಿ ಬೆಂದರೂ ಅವನು ನಡುಗುತ್ತಿದ್ದರೆ,
ಇಲ್ಲವೇ ಒಂದು ನಿಂತು ಎಚ್ಚರವಾಗುವ ಮುನ್ನ ಇನ್ನೊಂದು ಬಂದರೆ,
ರೊಟ್ಟಿ ಸುಟ್ಟು ಹೋಗಲಿ,
ನೂರಾ ಹನ್ನೆರಡಕ್ಕೆ ಫೋನು ಮಾಡು.

ಮಾತ್ರೆಯ ಕತೆ ಉದ್ದ.
ಮೊದಲನೆಯದು ಸೆಳವು ನಿಲ್ಲಿಸಿ ಸಿಟ್ಟು ಹಚ್ಚಿತು;
ಪಾದ್ರಿಯ ಭಾವಮೈದನ ಮುಖಕ್ಕೆ ಹಿಟ್ಟಿನ ಮುದ್ದೆ ಎಸೆದ.
ಈಗಿನದು ಲ್ಯಾಮೊಟ್ರಿಜಿನ್.
ಚಿಟಿಕೆಯಷ್ಟರಿಂದ ಶುರು, ವಾರ ವಾರ ಇಷ್ಟಿಷ್ಟೇ ಏರಿಕೆ,
ಮೈಮೇಲೆ ದದ್ದೆದ್ದರೆ ಅವತ್ತೇ ಬರಬೇಕೆಂಬ ತಾಕೀತು.
ಹಿಟ್ಟಿಗೆ ಹುಳಿ ಬರುವ ಹಾಗೆ, ಅವಸರ ಸಲ್ಲ.
ಎರಡು ವರ್ಷ ಏನೂ ಇಲ್ಲ, ಮತ್ತೆ ಒಲೆಗೆ ಬಾಗಿದ.
ವಾಸಿಯಾಯಿತು ಅಂದುಕೊಂಡ.
ತಂಗಿಯ ಮದುವೆಗೆ ಹೋಗುವಾಗ ಮಾತ್ರೆ ಇಲ್ಲೇ ಬಿಟ್ಟ.
ಮೂರು ರಾತ್ರಿ ಕುಣಿತ, ಮೂರು ರಾತ್ರಿ ನಿದ್ದೆಯಿಲ್ಲ,
ನಾಲ್ಕನೆಯ ಬೆಳಿಗ್ಗೆ
ನೀನು ನಿಂತ ಜಾಗದಲ್ಲೇ ಬಿದ್ದ.

ಈ ಸಲ ನಾನು ರೊಟ್ಟಿ ನೋಡಿದೆ.
ಅದು ಅರೆಬೆಂದಾಗಲೇ ಅವನ ಕೈಕಾಲು ಸಡಿಲವಾಯಿತು.
ಕಣ್ಣು ತೆರೆದರೂ ಎಲ್ಲಿ, ಯಾರು, ಒಂದೂ ತಿಳಿಯದು.
ಅಂಗಡಿ, ಮಂಗಳವಾರ, ನಾನು ಲಮಾರಾ,
ಮೆಲ್ಲಗೆ ಹೇಳುತ್ತ ಪಕ್ಕದಲ್ಲೇ ಕೂತೆ.
ಅವನ ಮೊದಲ ಮಾತು: ಎಷ್ಟು ಸುಟ್ಟವು?
ಒಂದೂ ಇಲ್ಲ ಅಂದೆ.
ಸುಳ್ಳು. ನಾಲ್ಕು.

ಒಲೆ ಬಿಡಿಸಿದ್ದಕ್ಕೆ ನನ್ನ ಮೇಲೆ ಮುನಿಸು,
ನಿನ್ನ ಮೇಲೂ ಇರುತ್ತದೆ, ತಾಳಿಕೋ.
ಅವನ ರೊಟ್ಟಿಯ ಮೂಗಿನಷ್ಟು ಚೂಪು
ನಿನ್ನದಕ್ಕೆ ಬರಲು ವರ್ಷ ಬೇಕು.
ರಾತ್ರಿ ಎಂಟಕ್ಕೆ ಫೋನು ಬಡಿದುಕೊಂಡಾಗ
ಅವನ ಎರಡೂ ಕೈ ಮೊಣಕೈವರೆಗೆ ಹಿಟ್ಟಿನಲ್ಲಿರುತ್ತದೆ.
ಮಾತ್ರೆ ನಾನೇ ನಾಲಿಗೆಯ ಮೇಲಿಡುತ್ತೇನೆ.
ಆ ಮುರಿದ ಹಲ್ಲು
ದಿನವೂ ನನ್ನ ಬೆರಳಿಗೆ ತಾಗುತ್ತದೆ.