ಹಜಾರದಲ್ಲಿ ಅರವತ್ತು ಮೂಟೆ

ಸಂತೆಪೇಟೆಯ ಬಾಡಿಗೆ ಕೋಣೆ. ರಾತ್ರಿ ಹನ್ನೊಂದೂವರೆ.
ಸೆಕೆಂಡಿಗೆ ಎರಡು ಕೆಬಿ.
ಇರುವೆ ಸಕ್ಕರೆ ಸಾಗಿಸುವುದು ಇದಕ್ಕಿಂತ ಜೋರು.
ಇನ್ನು ಹದಿನಾರು ದಿನ ಬೇಕು ಅನ್ನುತ್ತದೆ ಪರದೆ.
ಹದಿನಾರೇ ದಿನಕ್ಕೆ ಶಾಲೆ ಶುರು.
ಲ್ಯಾಬಿನಲ್ಲಿ ಹನ್ನೊಂದು ಕಂಪ್ಯೂಟರು, ಒಂದಕ್ಕೂ ಉಸಿರಿಲ್ಲ;
ಮುದಿ ಯಂತ್ರಕ್ಕೆ ಒಗ್ಗುವ ಈ ಹಗುರ ಲಿನಕ್ಸು ಇಳಿದು ಬಂದರೆ
ಎಂಟಾದರೂ ಎದ್ದು ಕೂತಾವು.

ಇದು ಒಂದೇ ಅಂಗಡಿಯಿಂದ ಬರುವ ಸಾಮಾನಲ್ಲ.
ಮುಯ್ಯಾಳಿನ ಲೆಕ್ಕ:
ಯಾರದೋ ಮನೆಯಿಂದ ಒಂದು ಚೂರು, ಇನ್ಯಾರದೋ ಮನೆಯಿಂದ ಇನ್ನೊಂದು,
ಬಂದ ಚೂರನ್ನು ನಾನೂ ಮುಂದಕ್ಕೆ ದಾಟಿಸಬೇಕು.
ಪೂರ್ತಿ ಸಿಕ್ಕ ಮೇಲೂ ಬಾಗಿಲು ಹಾಕದೆ ಕೂತವರಿಗೆ
ಬಿತ್ತುವವರು ಅಂತ ಹೆಸರು.
ಒಂಬತ್ತು ಜನ ಇದ್ದಾರೆ. ಇದ್ದೂ ಎರಡು ಕೆಬಿ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ: ಆರಿಸಿ ಹಾಕಿದೆ.
ಚಾನೆಲ್ ಒಂದರಿಂದ ಆರು, ಆರರಿಂದ ಹನ್ನೊಂದು.
ಪೋರ್ಟು ತೆರೆದೆ, ಅರ್ಥವಾಗದೆ ಇನ್ನೊಂದನ್ನೂ ತೆರೆದೆ.
ಕೊಡುವುದರಿಂದಲೇ ಬರುವುದು ನಿಂತಿದೆ ಎಂದು
ಕೊಡುವ ಮಿತಿಯನ್ನು ಸೊನ್ನೆಗೆ ಇಳಿಸಿದೆ.
ಸೊನ್ನೆ ಎಂದರೆ ಮಿತಿಯೇ ಇಲ್ಲ ಅಂತ ಆಮೇಲೆ ತಿಳಿಯಿತು!
ಜಿಪುಣತನ ಮಾಡಲು ಹೋಗಿ ಮನೆಯನ್ನೇ ಸೂರೆ ಬಿಟ್ಟಿದ್ದೆ:
ಹೊರಗೆ ಹೋಗುವವರೇ ಬಾಗಿಲಲ್ಲಿ ನುಗ್ಗಿ
'ಬಂತು, ಇನ್ನೊಂದು ಕಳಿಸಿ' ಅನ್ನುವ ನನ್ನ ಮಾತು ಹೊಸಿಲು ದಾಟಲಿಲ್ಲ.
ಒಂದು ಅಂತ ಬರೆದೆ. ಎಲ್ಲರೂ ಮುಖ ತಿರುಗಿಸಿದರು.
ಮೂವತ್ತಕ್ಕೆ ಇಟ್ಟೆ.
ಆಗ ಏಳು ಕೆಬಿ. ಏಳು.

ಧರಣೇಂದ್ರನಿಗೆ ಫೋನು ಮಾಡಿದೆ.
ಬೆಳಿಗ್ಗೆ ಬಂದ, ಹೆಗಲಿಗೆ ಫೈಬರಿನ ಸುರುಳಿ,
ರೌಟರಿಗೇ ತಂತಿ ಚುಚ್ಚಿ ತೋರಿಸಿದ: ನಲವತ್ತು ಎಂಬಿ, ಗಟ್ಟಿ.
'ನಮ್ ಕಡೆಯಿಂದ ಏನೂ ತೊಂದ್ರೆ ಇಲ್ಲ ಮೇಡಂ.'
ಜಯಶೀಲಮ್ಮ ಟೀ ಕೊಟ್ಟರು.
ಅವನು ಕುಡಿಯಲು ಹಜಾರದ ಮೂಟೆಯ ಹಿಂದೆ ಕೂತ.
ಕೂತವನು ಫೋನು ನೋಡಿದ, ಎದ್ದ, ನೋಡಿದ, ಮತ್ತೆ ಕೂತ.
ಎದ್ದರೆ ನಾಲ್ಕು ಗೆರೆ. ಕೂತರೆ ಒಂದು.

ಹದಿನೈದು ದಿನದ ಹಿಂದೆ ಜಲಂಧರದ ಲಾರಿ ಬಂದು
ಇಳಿಸಿ ಹೋದ ಬಿತ್ತನೆ ಆಲೂಗಡ್ಡೆ,
ರೌಟರಿಗೂ ನನ್ನ ಕೋಣೆಗೂ ನಡುವೆ ಸೂರಿನ ತನಕ.
ಸಿಪ್ಪೆಯೊಳಗೆಲ್ಲ ನೀರು;
ಗಾಳಿಯಲ್ಲಿ ಹೊರಟ ಚೂರುಗಳನ್ನು ಆ ನೀರು ಕುಡಿಯುತ್ತಿತ್ತು.
ನಾನು ಇಡೀ ಲೋಕದ ಮೇಲೆ ಅನುಮಾನ ಪಟ್ಟಿದ್ದೆ,
ದಿನಾ ಚಪ್ಪಲಿ ಬಿಡುವ ಜಾಗದ ಮೇಲೆ ಪಟ್ಟಿರಲಿಲ್ಲ.

'ಎರಡು ಸಾಲು ಈ ಕಡೆ ಇಡೋಣವಾ' ಅಂದೆ.
ಸಣ್ಣೇಗೌಡರು ಅಡ್ಡ ಬಂದರು:
'ಮುಟ್ಟಬ್ಯಾಡಿ ಟೀಚರಮ್ಮ, ಕಣ್ಣು ಬಿಡ್ತಾವೆ ಈಗ.
ಮೊಳಕೆ ಮುರುದ್ರೆ ಯಾರು ತಗತಾರೆ?'

ಸರಿ, ನಾನೇ ಹೋದೆ.
ಚಾಪೆ, ಲ್ಯಾಪ್‌ಟಾಪು, ಒಂದು ಚೊಂಬು ನೀರು.
ಮೂಟೆಗಳ ಈಚೆ, ರೌಟರಿನ ಕಾಲಬುಡದಲ್ಲಿ.
ಮುನ್ನೂರು. ಎಂಟುನೂರು. ಆಮೇಲೆ ನೋಡುವುದನ್ನು ಬಿಟ್ಟೆ.
ಗೋಣಿಯ ಸಂದಿನಿಂದ ಮಣ್ಣಿನ ವಾಸನೆ,
ಕತ್ತಲಲ್ಲಿ ಅರವತ್ತು ಮೂಟೆ ಕಣ್ಣು ಬಿಡುತ್ತಿದ್ದವು,
ನಡುವೆ ಹಸಿರು ದೀಪವೊಂದು ಮಿಟುಕುತ್ತ.
ಅರಸೀಕೆರೆ ಕಡೆಯ ರೈಲು ಕೂಗುವ ಹೊತ್ತಿಗೆ ನೂರಕ್ಕೆ ನೂರು.

ಆರಿಸಲು ಕೈ ಹೋಯಿತು. ಪಟ್ಟಿಯಲ್ಲಿ ಒಬ್ಬರಿದ್ದರು,
ಊರು ಗೊತ್ತಿಲ್ಲ, ನಲವತ್ತೊಂದರಲ್ಲಿ ನಿಂತಿದ್ದರು.
ನನ್ನ ಮೂವತ್ತರಿಂದ ಗುಟುಕು ಗುಟುಕಾಗಿ ತೆಗೆದುಕೊಳ್ಳುತ್ತಿದ್ದರು.

ಬೆಳಿಗ್ಗೆ ಕಟ್ಟಾಯದವರು ಬಂದು ಆರು ಮೂಟೆ ಎತ್ತಿದರು.
ಗೌಡರು ಲೆಕ್ಕದ ಪುಸ್ತಕ ಮಡಿಸಿ, ನನ್ನ ದೀಪ ನೋಡಿ:
'ಇನ್ನೂ ಮುಗೀಲಿಲ್ವಾ?'
'ನಂದು ಮುಗೀತು. ಇನ್ಯಾರೋ ತಗೊಳ್ತಾ ಇದಾರೆ.'
'ಬಿತ್ತನೆಗಾ?'
'ಹೂಂ.'
'ಏನು ರೇಟು?'
'ಏನೂ ಇಲ್ಲ.'

ಸ್ವಲ್ಪ ಹೊತ್ತು ನಿಂತರು. ಬೀಡಿ ಹಚ್ಚಲಿಲ್ಲ.
'ಕರೆಂಟು ಬಿಲ್ಲು ಬರಲಿ, ನೋಡಾಣ' ಅಂದು
ಲ್ಯಾಪ್‌ಟಾಪಿನ ಬಿಸಿಗಾಳಿ ತಾಗುತ್ತಿದ್ದ ಮೂಟೆಯನ್ನು
ಒಂದು ಗೇಣು ಆಚೆ ಸರಿಸಿದರು, ತಾವೇ.