ಕೊತ್ತಂಬರಿಯ ಚೀಲ

ಕಿವಿನೋವೆಂದರೆ ನಮ್ಮಲ್ಲಿ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ,
ಎರಡು ತೊಟ್ಟು, ಮೇಲೊಂದು ಹತ್ತಿ.
ಅದು ಕಿವಿತಮಟೆಯ ಈಚೆಗೇ ನಿಲ್ಲುತ್ತದಂತೆ,
ಒಳಗೆ ಹೋಗುವುದೇ ಇಲ್ಲವಂತೆ.
ಡಾಕ್ಟರ್ ಶಮ್ಸಾ ಹೇಳುವಾಗ ನಗು ಬಂತು:
ಉಮ್ಮ ಅಷ್ಟು ವರ್ಷ ಹೊಸ್ತಿಲಿಗೇ ಎಣ್ಣೆ ಹೊಯ್ದಳೇ!

ನುಂಗಿದ ಮಾತ್ರೆಯೂ ಅಷ್ಟೆ. ರಕ್ತದಲ್ಲಿ ಊರೆಲ್ಲ ಸುತ್ತಿ
ಒಳಗಿವಿಯ ಬಸವನಹುಳುವಿನ ಬಾಗಿಲಿಗೆ ಬಂದರೆ
ಕಾವಲುಗಾರ ಗೇಟ್ ಪಾಸ್ ಕೇಳುತ್ತಾನೆ.
ಬಿಸಿಲಲ್ಲಿ ಗೇಟಿನ ಹೊರಗೆ ನಿಂತು ಗೊತ್ತಿದ್ದವರಿಗೆ
ಇದನ್ನು ವಿವರಿಸಬೇಕಿಲ್ಲ.

ಹಾಗಾಗಿ ಕಿವಿಯ ಹಿಂದೆ ಅಕ್ಕಿಕಾಳಿನಷ್ಟು ಎಲುಬು ಕೊರೆದು
ದುಂಡುಕಿಟಕಿಯ ಪೊರೆಯ ಮೇಲೆ ಒಂದು ಹನಿ.
ಮಂಜುಗಡ್ಡೆಯಲ್ಲಿಟ್ಟರೆ ನೀರು, ಮೈಬಿಸಿ ತಾಗಿದರೆ ಹೆಪ್ಪು;
ದಿನಗಟ್ಟಲೆ ಅಲ್ಲೇ ಕೂತು ಜಿನುಗುತ್ತದೆ,
ನಿಝ್ವಾದ ತೋಟಗಳಿಗೆ ಫಲಜಿನ ನೀರು ಬಿಟ್ಟ ಹಾಗೆ:
ಸರದಿ ಬಂದವನ ತೂಬಿನ ಕಲ್ಲು ಮಾತ್ರ ಸರಿಸಿ,
ನೆರೆಯವನ ಖರ್ಜೂರಕ್ಕೆ ಒಂದು ಬೊಗಸೆಯೂ ಹೋಗದ ಹಾಗೆ.

ನನ್ನ ಕೆಲಸ ಗಿನಿಹಂದಿಗಳ ಪಂಜರ ತೊಳೆಯುವುದು,
ಹೊಟ್ಟು ಬದಲಿಸುವುದು, ತೂಕ ಬರೆಯುವುದು.
ಅದಕ್ಕೂ ಮುಂಚೆ ಜಬಲ್‌ನ ರಸ್ತೆಗೆ ಬಂಡೆ ಒಡೆಯುತ್ತಿದ್ದೆ.
ಇವುಗಳನ್ನು ಕಿವುಡು ಮಾಡಿದ್ದೂ ಸದ್ದಿನಿಂದಲೇ,
ಮತ್ತು ಬರಿಸಿ, ಪೆಟ್ಟಿಗೆಯಲ್ಲಿ, ಸ್ಪೀಕರಿನ ಕೆಳಗೆ ಎರಡು ಗಂಟೆ;
ಎಷ್ಟು ಡೆಸಿಬಲ್, ಎಷ್ಟು ನಿಮಿಷ, ಎಲ್ಲ ಪುಸ್ತಕದಲ್ಲಿದೆ.
ನನಗೆ ಒಂಬತ್ತು ವರ್ಷ. ಪುಸ್ತಕ ಇಲ್ಲ.
ಬಲಗಿವಿಯಲ್ಲಿ ಒಂದು ಜೀರುಂಡೆ ಬಿಡಾರ ಹೂಡಿದೆ,
ಬಾಡಿಗೆ ಕೊಡುವುದಿಲ್ಲ, ಬಿಟ್ಟು ಹೋಗುವುದೂ ಇಲ್ಲ.

ದಿನಾ ಬೆಳಿಗ್ಗೆ ಕೊತ್ತಂಬರಿಯ ಪ್ಲಾಸ್ಟಿಕ್ ಚೀಲ ಬಿಚ್ಚುತ್ತೇನೆ.
ಹೊಸದಾಗಿ ಬಂದವು ಆ ಸರಸರಕ್ಕೇ ಸೀಟಿ ಹೊಡೆಯುತ್ತವೆ.
(ನನಗೆ ಅರ್ಧ ಕೇಳುತ್ತದೆ, ಅರ್ಧ ಕಾಣುತ್ತದೆ.)
ಪೆಟ್ಟಿಗೆಗೆ ಹೋಗಿ ಬಂದವು
ಸೊಪ್ಪು ಮೂಗಿಗೆ ತಾಗುವವರೆಗೆ ಗೋಡೆ ನೋಡುತ್ತಿರುತ್ತವೆ.

ಹದಿನೇಳನೆಯದಕ್ಕೆ ಎಡಕ್ಕೆ ಮದ್ದು, ಬಲಕ್ಕೆ ಬರೀ ಹೆಪ್ಪು.
ಹನ್ನೊಂದನೇ ದಿನ, ಚೀಲ ಇನ್ನೂ ಬಿಚ್ಚಿರಲಿಲ್ಲ,
ಎಡಗಿವಿ ಅಲುಗಿತು.
ಓಡಿಹೋಗಿ ಹೇಳಿದೆ.
"ನಿನ್ನನ್ನು ಕಂಡಿರಬೇಕು ಉಮರಬ್ಬ, ಅದು ಲೆಕ್ಕಕ್ಕಿಲ್ಲ."
ಸರಿ, ದೀಪ ಆರಿಸಿ ಅಂದೆ.

ಒಬ್ಬರು ಡಾಕ್ಟರು, ಒಬ್ಬ ಪಂಜರ ತೊಳೆಯುವವ, ಕತ್ತಲೆ, ಎಸಿ.
ವಾಸನೆ ಹಿಡಿಯದಿರಲೆಂದು ಹೊಸ ಖಾಲಿ ಚೀಲ ತಂದಿದ್ದೆ.
ಒಮ್ಮೆ ಹಿಸುಕಿದೆ.
"ಕೇಳಿತಾ?" ಅಂದೆ.
ಅವರು ಮಾತಾಡದೆ ನನ್ನ ತೋಳು ಹಿಡಿದರು.
ಸೀಟಿ ಅವರಿಗೆ ಕೇಳಿತ್ತು. ನನಗೆ ಜೀರುಂಡೆ.

ಮರುದಿನ ತಂತಿ ಚುಚ್ಚಿ ನೋಡಿದಾಗ ಮೆಷಿನ್ನೂ ಒಪ್ಪಿತು.
ಮನುಷ್ಯರಿಗೆ ಯಾವಾಗ ಅಂತ ಕೇಳಿದೆ.
"ಹತ್ತು ವರ್ಷ ಆಗಬಹುದು. ಆಗದೆಯೂ ಇರಬಹುದು."
ನನ್ನ ವೀಸಾಕ್ಕೆ ಇನ್ನು ಏಳು ತಿಂಗಳಿದೆ, ಅಂದೆ. ಇಬ್ಬರೂ ನಕ್ಕೆವು.

ಗುರುವಾರ ಎಣಿಸಬೇಕು, ಬಸವನಹುಳುವಿನೊಳಗೆ
ಎಷ್ಟು ಕೂದಲು ಉಳಿದಿವೆ ಎಂದು.
ಜೀವ ಇರುವಾಗ ಅದನ್ನು ಎಣಿಸಲು ಬರುವುದಿಲ್ಲ.
ನಾನೇ ಎತ್ತಿಕೊಂಡು ಹೋದೆ, ಅದರ ಎಡಗಿವಿ ನನ್ನ ಎದೆಗೆ.
ಆ ಚೀಲ ಜೇಬಿನಲ್ಲೇ ಉಳಿದಿತ್ತು.
ನಡೆಯುವಾಗ ಸದ್ದಾಗದಿರಲೆಂದು
ಮೇಲೆ ಅಂಗೈ ಒತ್ತಿಟ್ಟುಕೊಂಡೆ.