ಕೆತ್ತಿದವರು: ತಿಳಿಯದು

ಸರ್ಕಾರದ ಕಾಗದ, ಸರ್ಕಾರದ ಬಣ್ಣ,
ವಾರಕ್ಕೆ ಇಪ್ಪತ್ತಮೂರು ಡಾಲರು.
ಮೂವತ್ತೇಳರ ಮಾರ್ಚ್. ಮೇಯ್ನ್ ತೀರದ ಕೆಸರು ಇನ್ನೂ ಕಲ್ಲು.
ಡೋರ್ಕಸ್ ಪಿಂಕಮ್ ಎಂಬಾಕೆಯ ಅಡುಗೆಮನೆಯಲ್ಲಿ
ಮೇಣಬಟ್ಟೆ ಹಾಸಿದ ಮೇಜಿನ ಮೇಲೆ
ಒಂದು ಬಾತುಕೋಳಿ, ಮರದ್ದು.

ಬೇಟೆಯವರು ನೀರಿಗೆ ಬಿಡುತ್ತಿದ್ದದ್ದು.
ನೆಂಟರಿದ್ದಾರೆಂದು ನಂಬಿ ಮೇಲಿಂದ ಇಳಿದವಕ್ಕೆ
ಗುಂಡು.

ನಿಯಮ ನನಗೆ ಬಾಯಿಪಾಠ:
ಬೆಳಕು ಎಡಗಡೆಯಿಂದ, ಮೇಲಿನಿಂದ.
ಮೇಜು ಬೇಡ, ಕಿಟಕಿ ಬೇಡ, ಮನೆ ಬೇಡ.
ಇದ್ದದ್ದು ಇದ್ದ ಹಾಗೆ, ಬಿರುಕಿಗೆ ಬಿರುಕು.
ಈ ಮನೆಗಿರುವ ಒಂದೇ ಕಿಟಕಿ ಬಲಕ್ಕೆ.
ಮೊದಲ ಸುಳ್ಳು ಅಲ್ಲಿಗೇ ಆಯಿತು.

ಮೂರು ದಿನ ಅದರ ಬೆನ್ನಿನ ಮೇಲೆಯೇ ಕಳೆದೆ.
ಮೇಲೆ ಬೂದಿ, ಅದರಡಿ ಕಂದು, ಕಂದು ಸುಲಿದಲ್ಲಿ
ಯಾವುದೋ ದೋಣಿಗೆ ಬಳಿದು ಮಿಕ್ಕ ಹಸಿರು.
ರೆಕ್ಕೆಯೊಳಗೆ ಮೂರು ಸೀಸದ ಚರೆ;
ಯಾರೋ ಅವಸರದವನು, ತಾನೇ ಮೋಸಹೋದವನು.
ನಾಲ್ಕೇ ಕೂದಲಿನ ಕುಂಚ. ಉಸಿರು ಬಿಗಿಹಿಡಿದು.
ಕೊಕ್ಕಿನ ಬಳಿ ಹಲ್ಲಿನ ಗುರುತು.
“ಅದು ನಂದು” ಎಂದಳು ಡೋರ್ಕಸ್,
“ಹಲ್ಲು ಬರೋವಾಗ ಕಚ್ಚಿದ್ದು. ಅದನ್ನೂ ಬರೀತೀಯಾ?”
ಬರೆದೆ.

ನಾಲ್ಕನೆಯ ದಿನ ತಾನಾಗಿಯೇ ಮಗುಚಿ ತೋರಿಸಿದಳು.
ಹೊಟ್ಟೆಯಡಿ ಮುಳುಗಿಸುವ ಸೀಸ, ಅದರ ಪಕ್ಕ
ಚಾಕುವಿನ ಮೊನೆಯಲ್ಲಿ ಕೊರೆದ ಎರಡು ಅಕ್ಷರ.
“ಅಪ್ಪನ ತಮ್ಮ, ಎಲೈಹು. ಕೌಂಟಿಯ ಗಂಜಿಮನೆಯಲ್ಲಿ
ಹದಿನಾರು ವರ್ಷ ಇದ್ದ. ಅಲ್ಲೇ ಕೂತು ಕೆತ್ತಿದ್ದು.
ಹೆಸರು ಬರೀಬೇಡ.
ಊರು ಮರೆತಿದೆ. ಮರೆಸೋಕೆ ನಮ್ಮಮ್ಮ ಪಟ್ಟ ಪಾಡು
ನಿಂಗೆ ಗೊತ್ತಿಲ್ಲ.”

ನಮೂನೆಯ ಏಳನೆಯ ಸಾಲು: ಕೆತ್ತಿದವರು.
ಪೆನ್ನು ಹಿಡಿದು ಕೂತೆ. ಒಲೆಯಲ್ಲಿ ಕೊರಡು ಸಿಡಿಯಿತು.
ಒಂದು ಕೂಸಿನ ಹಲ್ಲನ್ನೂ ಬಿಡದ ಕೈ
‘ತಿಳಿಯದು’ ಎಂದು ಬರೆಯಿತು, ದುಂಡಗೆ.
ಈ ಕೆಲಸ ಸಿಗಲೆಂದು, ಬೋಸ್ಟನ್ನಿನ ಒಂದು ಕಚೇರಿಯಲ್ಲಿ
ಗತಿಯಿಲ್ಲದವಳು ಎಂದು ನಾನೂ ಸಹಿ ಹಾಕಿದ್ದೆ.
ಆ ಕಾಗದ ಯಾವ ಕಪಾಟಿನಲ್ಲಿದೆಯೋ.
ಅವಳಿಗೆ ಹೇಳಲಿಲ್ಲ.

ಚಿತ್ರದಲ್ಲಿ ಹೊಟ್ಟೆ ಕಾಣುವುದಿಲ್ಲ.
ನೀರಿನಲ್ಲಿದ್ದಾಗಲೂ ಕಾಣುತ್ತಿರಲಿಲ್ಲ.

ಹೊರಡುವಾಗ ಹಳೇ ಪೇಪರಿನಲ್ಲಿ ಸುತ್ತಿ
ಐದು ಮೊಟ್ಟೆ ಕೊಟ್ಟಳು. “ಕೋಳಿಯದು,” ಎಂದಳು,
ನಗಲಿಲ್ಲ, ನಕ್ಕಳೋ ಏನೋ.
ಬಸ್ಸು ಹಳ್ಳಕ್ಕೆ ಹಾರಿದಾಗೆಲ್ಲ
ಚಿತ್ರ ಹಿಡಿಯಬೇಕೋ ಮೊಟ್ಟೆ ಹಿಡಿಯಬೇಕೋ ತಿಳಿಯದೆ
ಎರಡನ್ನೂ ತೊಡೆಗೆ ಒತ್ತಿಕೊಂಡು ಬಂದೆ.